ಅಂಚಿನ ನೀಲಿ

ನಿನ್ನ ಬಾಯಿಗೆ ಕೊರೆಯೋ ಮಿಷನ್ ಇಡಲ್ಲ ಕಣೇ, ನನ್ನಾಣೆ, ಎಂದಿದ್ದ, ಯಾವ ಕಾಲದ ಮಾತು ಅದು, ಮಗಳ ಹಾಲುಹಲ್ಲು ಬಿದ್ದು ನಕ್ಕರೆ ಬಾಗಿಲು ತೆರೆದ ಹಾಗೆ ಕಾಣುತ್ತಿದ್ದ ಕಾಲದ್ದು, ಈಗ ಅದೇ ಬಾಯಿ ಅವನ ದೀಪದ ಕೆಳಗೆ ತೆರೆದುಕೊಂಡಿದೆ, ಮರಗಟ್ಟಿದ ತುಟಿಯ ಮೂಲೆಯಲ್ಲಿ ಎಂಜಲಿನ ಒಂದು ಹನಿ ಹೊಳೆಯುತ್ತಿದೆ, ಅದನ್ನು ಒರೆಸಬೇಕು, ಒರೆಸಿದರೆ ಮುಂದಿನ ಕೆಲಸಕ್ಕೆ ಕೈ ಹಾಕಬೇಕು, ಅದಕ್ಕೇ ಒರೆಸದೆ ಹನಿಯನ್ನೇ ನೋಡುತ್ತ ಕೂತಿದ್ದಾನೆ, ಬಲಕ್ಕೆ ಟ್ರೇ, ಎಡಕ್ಕೆ ಗೋಡೆ, ಬೆನ್ನ ಹಿಂದೆ ಕೈ ತೊಳೆಯುವ ತೊಟ್ಟಿ, ಕುರ್ಚಿಯ ಬೆನ್ನಿನ ಅಡಿಯಲ್ಲಿ ಸಿಕ್ಕಿಕೊಂಡ ತನ್ನ ಮೊಣಕಾಲು, ಈ ಕೋಣೆ ಕಟ್ಟಿಸಿದವನು ಹಲ್ಲಿನ ಡಾಕ್ಟರಿಗೂ ಉಸಿರಾಡಬೇಕು ಎನ್ನುವುದನ್ನು ಮರೆತೇ ಬಿಟ್ಟಿದ್ದ, ಒಂದು ಕಿಟಕಿ ಇಟ್ಟಿದ್ದರೆ ಅವನ ಗಂಟೇನು ಹೋಗುತ್ತಿತ್ತು. ಅಜ್ಜಿ ಅವಳಿಗಿಟ್ಟ ಹೆಸರು ಗಿಣಿ, ಹುಟ್ಟಿದಾಗಿನಿಂದ ಬಾಯಿ ಮುಚ್ಚಿದವಳಲ್ಲ ಎಂದು, ಇವತ್ತೂ ಮುಚ್ಚಿಲ್ಲ, ಆದರೆ ಮಾತಿಲ್ಲ, ಕಣ್ಣು ಮಾತ್ರ ದೀಪ ಬಿಟ್ಟು ಅವನ ಕೈಯನ್ನೇ ಹಿಂಬಾಲಿಸುತ್ತಿದೆ, ಸೂಜಿಗೆ ಅವಳು ಹೆದರುವುದಿಲ್ಲ, ಇರುವೆ ಕಚ್ಚಿದ ಹಾಗೆ ಅಷ್ಟೇ ಅನ್ನುತ್ತಾಳೆ, ಹೆದರಿಕೆಯೆಲ್ಲ ಮಿಷನ್ನಿನ ಸದ್ದಿಗೆ — ಹೊರಗಿನ ಬೆಂಚಿನ ಮೇಲೆ ಕಾಲು ಆಡಿಸುತ್ತ ಕೂತಿದ್ದಳು, ಚಿಕ್ಕವಳಿದ್ದಾಗ ಒಂದು ದಿನ, ಒಳಗೆ ಯಾರಿಗೋ ಹುಳುಕು ಕೊರೆಯುತ್ತಿದ್ದ, ಹೊರಗೆ ಬಂದು ನೋಡಿದರೆ ಮಗು ಬೆಂಚಿನ ಕೆಳಗೆ, ಎರಡೂ ಕಿವಿ ಮುಚ್ಚಿಕೊಂಡು, ಆ ಮಾಮ ಯಾಕಪ್ಪಾ ಹಾಗೆ ಕೂಗ್ತಿದ್ರು, ಎಂದು ಕೇಳಿದ್ದಳು, ಮಿಷನ್ನಿನ ಸದ್ದನ್ನು ಅವಳು ಮನುಷ್ಯನ ದನಿ ಎಂದುಕೊಂಡಿದ್ದಳು, ಅದು ಮಿಷನ್ ಕಣೇ ಎಂದು ಎಷ್ಟು ತಿಳಿಸಿ ಹೇಳಿದರೂ ತಲೆಗೆ ಹೋಗಲಿಲ್ಲ, ಆಮೇಲೆ ಅಡುಗೆಮನೆಯಲ್ಲಿ ಮಿಕ್ಸಿ ಹಾಕಿದರೂ ಓಡಿಹೋಗಿ ಅಜ್ಜಿಯ ಸೆರಗಿನೊಳಗೆ.

ಹೊಸದಾಗಿ ಬಂದ ದವಡೆ ಹಲ್ಲಿಗೇ ಹುಳುಕು ಹತ್ತಿದಾಗ ಅದಕ್ಕೇ ಆಣೆ ಹಾಕಿದ್ದು, ಹಾಕಿ ಉಳಿಸಿಕೊಂಡದ್ದು ಕೂಡ, ಸಣ್ಣ ಚಮಚದಂಥ ಉಪಕರಣದಿಂದ ಮೆತ್ತಗಾದದ್ದನ್ನು ಕೆರೆದು ತೆಗೆದು, ನರ ತಾಗದಿರಲಿ ಎಂದು ತೀರಾ ಆಳದ್ದನ್ನು ಬೇಕೆಂದೇ ಬಿಟ್ಟು, ಪುಡಿಯನ್ನೂ ದ್ರವವನ್ನೂ ಕಲಸಿ ತುಂಬಿ, ವ್ಯಾಸಲೀನ್ ಸವರಿದ ಬೆರಳಿನಿಂದ ಒತ್ತಿ ಹಿಡಿದಿದ್ದ, ಅಪ್ಪನ ಬೆರಳು ಮಗಳ ಹಲ್ಲಿನ ಮೇಲೆ, ಒಂದು ಹನಿ ಕಣ್ಣೀರಿಲ್ಲ, ಆಯ್ತಾ ಎಂದು ಕೇಳಿದಳು, ಆಯ್ತು ಎಂದ, ಎಂಥ ಹೆಮ್ಮೆ ಅವತ್ತು. ಆ ಸಿಮೆಂಟು ಹಲ್ಲಿಗೆ ತಾನಾಗಿ ಅಂಟುತ್ತದೆ, ಅಂಟಿಕೊಂಡು ವರ್ಷಗಟ್ಟಲೆ ಫ್ಲೋರೈಡ್ ಒಸರುತ್ತದೆ, ಬಿಟ್ಟ ಹುಳುಕನ್ನು ಗಟ್ಟಿ ಮಾಡುತ್ತದೆ, ಬಾಗಿಲೂ ಅದೇ ಕಾವಲುಗಾರನೂ ಅದೇ, ಹಲ್ಲಿನ ಕಾಲೇಜಿನ ತರಗತಿಯಲ್ಲಿ ಹುಡುಗರಿಗೆ ಹಾಗೇ ಹೇಳುತ್ತಿದ್ದ — ಈಗ ಹೇಳುವುದಿಲ್ಲ. ಈಗ ಕಾಲೇಜಿನ ಲ್ಯಾಬಿನಲ್ಲಿ ಅವನ ಕೆಲಸವೇ ಆ ಬಾಗಿಲು ಎಷ್ಟು ಬಿಗಿ ಎಂದು ನೋಡುವುದು, ಕಿತ್ತ ಹಲ್ಲುಗಳನ್ನು ತಂದು, ಕುಳಿ ತೋಡಿ, ಅದೇ ಸಿಮೆಂಟು ತುಂಬಿ, ಬಿಸಿನೀರಿಗೊಮ್ಮೆ ತಣ್ಣೀರಿಗೊಮ್ಮೆ ಅದ್ದಿ ಅದ್ದಿ, ತುಂಬಿದ ಅಂಚೊಂದನ್ನು ಬಿಟ್ಟು ಮಿಕ್ಕೆಲ್ಲ ಕಡೆ ಉಗುರುಬಣ್ಣ ಬಳಿದು ನೀಲಿ ನೀರಿನಲ್ಲಿ ಮುಳುಗಿಸಿಡುವುದು, ಉಗುರುಬಣ್ಣ ಹೆಂಡತಿಯದು, ನನ್ ಉಗುರಿಗೆ ಹಚ್ಚೋಕೆ ನನಗೇ ಪುರುಸೊತ್ತಿಲ್ಲ, ನೀವು ಸತ್ತ ಹಲ್ಲಿಗೆಲ್ಲ ಸಿಂಗಾರ ಮಾಡಿ, ಎಂದು ಅವಳು ನಕ್ಕಿದ್ದಳು, ಆಮೇಲೆ ಹಲ್ಲನ್ನು ಕೊಯ್ಯುವ ಚಕ್ರಕ್ಕೆ ಹಿಡಿದು ಎರಡು ಹೋಳು ಮಾಡಿ ಸೂಕ್ಷ್ಮದರ್ಶಕದ ಕೆಳಗಿಟ್ಟರೆ — ಬಿಳಿಯ ಪಕ್ಕದಲ್ಲಿ ಬಿಳಿ, ಎರಡರ ನಡುವೆ ಕೂದಲೆಳೆಯಷ್ಟು ನೀಲಿ, ಮೇಲಿನ ಅಂಚಿನಲ್ಲಿ ಹೊಕ್ಕು ಗೋಡೆಗುಂಟ ಇಳಿದು ಕುಳಿಯ ತಳ ಮುಟ್ಟಿದ ಸೋರಿಕೆಯ ಗೆರೆ. ಎಲ್ಲದರಲ್ಲೂ ಅಲ್ಲ. ಕೆಲವು ಹಲ್ಲು ಪಟ್ಟಾಗಿ ಮುಚ್ಚಿದ್ದವು, ಒಂದು ಚೂರೂ ಬಿಟ್ಟುಕೊಟ್ಟಿರಲಿಲ್ಲ. ಆದರೆ ಮುಚ್ಚಿದ್ದು ಯಾರ ನೆನಪಿನಲ್ಲಿ ಉಳಿಯುತ್ತದೆ, ಕಣ್ಣಿಗೆ ಅಂಟಿಕೊಂಡದ್ದು ನೀಲಿ, ಊಟದ ತಟ್ಟೆಯ ಅಂಚಿನಲ್ಲಿ ನೀಲಿ, ಬಾಗಿಲಿನ ಸಂದಿಯಲ್ಲಿ ನೀಲಿ, ಎದುರಿಗೆ ಕೂತು ಮಗಳು ಹರಟುವಾಗ ಅವಳ ಮಾತು ಬಿಟ್ಟು ಹಲ್ಲು ನೋಡುತ್ತಿದ್ದ. ನೀಲಿ ಬಣ್ಣದ ಕಣ ರೋಗಾಣುವಿಗಿಂತ ಎಷ್ಟೋ ಸಣ್ಣದು ಕಣಯ್ಯಾ, ಅದು ನುಸುಳಿದ ಕಡೆಯೆಲ್ಲ ಹುಳುಕು ನುಸುಳಬೇಕು ಅಂತೇನಿಲ್ಲ, ಗಾಜಿನ ಲೋಟದಲ್ಲಿರೋ ಹಲ್ಲೇ ಬೇರೆ, ಬಾಯಲ್ಲಿರೋ ಹಲ್ಲೇ ಬೇರೆ, ಎಂದು ವಿಭಾಗದ ದೊಡ್ಡ ಡಾಕ್ಟರು ಬೆನ್ನು ತಟ್ಟಿದ್ದರು, ಅದು ಅವನಿಗೂ ಗೊತ್ತಿತ್ತು, ಬುದ್ಧಿಗೆ ಗೊತ್ತಿದ್ದದ್ದು ಕಣ್ಣಿಗೆ ಗೊತ್ತಿರಬೇಕಲ್ಲ.

ಆಮೇಲೆ ಗಿಣಿ ಊಟ ಮಾಡುತ್ತ ಕೆನ್ನೆ ಹಿಡಿದುಕೊಂಡಳು. ಎಲ್ಲೋ ಹಿಂದ್ಗಡೆ ಕಣಪ್ಪ, ಕಚ್ಚಿದ್ರೆ ನೋಯುತ್ತೆ, ಎಂದಳು, ಎಲ್ಲೋ ಹಿಂದ್ಗಡೆ ಎನ್ನುವ ಮಾತು ಮುಗಿಯುವ ಮೊದಲೇ ಅವನಿಗೆ ಎಲ್ಲಿ ಎಂದು ಗೊತ್ತಾಗಿ ಹೋಗಿತ್ತು, ಎಕ್ಸ್‌ರೇ ತೆಗೆದ, ತುಂಬಿದ ಸಿಮೆಂಟಿನ ಅಡಿಯಲ್ಲಿ ಕಪ್ಪು ನೆರಳು, ಅದು ತಾನೇ ಅವತ್ತು ಬಿಟ್ಟ ಹಳೆಯ ಹುಳುಕು ಒಣಗಿ ಕೂತದ್ದಿರಬಹುದು, ಅಂಚಿನಿಂದ ಇಳಿದ ಹೊಸದೂ ಇರಬಹುದು, ಫೋಟೋ ಬಾಯಿಬಿಟ್ಟು ಹೇಳುವುದಿಲ್ಲ, ತೆಗೆದೇ ನೋಡಬೇಕು, ತಡಮಾಡಿದರೆ ಹಲ್ಲಿನ ನರಕ್ಕೇ ಮುಟ್ಟೀತು, ನರಕ್ಕೆ ಮುಟ್ಟಿದರೆ ಆ ಮಿಷನ್ನು ಒಂದು ದಿನದ ಮಾತಲ್ಲ. ಬೇರೆ ಯಾರ ಹತ್ರಾನಾದ್ರೂ ಕರ್ಕೊಂಡು ಹೋಗ್ರೀ, ಎಂದು ಹೆಂಡತಿ ಬೆಳಿಗ್ಗೆ ಮಗಳಿಗೆ ಜಡೆ ಹಾಕಿದವಳೇ ಕಣ್ಣಲ್ಲೇ ಅವನನ್ನು ಬಾಗಿಲ ಮರೆಗೆ ಕರೆದು ಹೇಳಿದ್ದಳು, ಮಾತು ಕೊಟ್ಟಿರೋದು ನೀವು, ಮಿಷನ್ ಹಿಡಿಯೋರು ಇನ್ಯಾರೋ ಆದ್ರೆ ನಿಮ್ಮ ಮಾತು ನಿಮ್ಮ ಹತ್ರಾನೇ ಇರುತ್ತಲ್ಲ, ಅವಳ ಬುದ್ಧಿಗೆ ಎರಡು ಮಾತಿಲ್ಲ, ಆದರೆ ತನ್ನ ಮಗಳನ್ನು ಇನ್ನೊಬ್ಬನ ಕುರ್ಚಿಗೆ ತಳ್ಳಿ ತಾನು ಹೊರಗಿನ ಬೆಂಚಿನ ಮೇಲೆ ಕೂತು ಆ ಸದ್ದು ಕೇಳುವುದು ತನ್ನಿಂದಾಗದು, ಕೈಯಲ್ಲೇ ತೆಗೀತೀನಿ ಬಿಡು, ಎಂದು ಹೊರಟುಬಂದಿದ್ದ. ಕೈಯಲ್ಲೇ ತೆಗೀತಾನಂತೆ. ತಾನೇ ತುಂಬಿದ್ದು, ತಾನೇ ಒತ್ತಿದ್ದು, ಈಗ ಕಲ್ಲಾಗಿ ಕೂತಿದೆ, ಚಮಚ ಜಾರುತ್ತದೆ, ಉಳಿ ಜಾರುತ್ತದೆ, ಹಲ್ಲಿಗೆ ಕಚ್ಚಿಕೊಂಡ ಸಿಮೆಂಟು ಒಂದು ಪುಡಿಯನ್ನೂ ಬಿಟ್ಟುಕೊಡುತ್ತಿಲ್ಲ, ಇನ್ನಷ್ಟು ಒತ್ತಿದರೆ ಹಲ್ಲೇ ಸೀಳೀತು, ಇಷ್ಟು ಗಟ್ಟಿಯಾಗಿ ಕಚ್ಚಿಕೊಂಡದ್ದು ಒಳಗೆ ಬಿಟ್ಟುಕೊಟ್ಟಿರುತ್ತದೆಯೇ, ಎಂದು ಯಾರೋ ಒಳಗಿಂದ ಕೇಳಿದ ಹಾಗಾಯಿತು, ಕೇಳಿದ್ದು ತಾನೇ, ಉತ್ತರಕ್ಕೆ ಬಂದದ್ದು ಮತ್ತೆ ಅದೇ, ಬಿಳಿಯ ಪಕ್ಕದಲ್ಲಿ ಬಿಳಿ, ನಡುವೆ ಕೂದಲೆಳೆ.

ಬೇರೆಯವರ ಮಕ್ಕಳಾಗಿದ್ರೆ ಇಷ್ಟೊತ್ತಿಗೆ ಕೈ ತೊಳ್ಕೊಂಡು ಕಾಫಿ ಕುಡೀತಾ ಇರ್ತಿದ್ರಿ ಡಾಕ್ಟ್ರೇ, ಎಂದರು ಪಕ್ಕದಲ್ಲಿ ಎಂಜಲು ಹೀರುವ ಕೊಳವೆ ಹಿಡಿದು ನಿಂತ ಸಿಸ್ಟರು, ಗಿಣಿಯ ಕಣ್ಣು ಅವರತ್ತ ಹೊರಳಿ ಮತ್ತೆ ಅವನ ಕೈಗೇ ಬಂತು, ಕೈ ಅಷ್ಟರಲ್ಲಿ ಮಿಷನ್ನಿನ ಹಿಡಿಕೆಯ ಮೇಲಿತ್ತು, ಯಾವಾಗ ಹೋಯಿತೋ, ಕೈ ತಾನಾಗಿ ಹೋಗುವ ಜಾಗ ಅದು, ಅವಳು ಬಾಯೊಳಗಿನ ಹತ್ತಿಯನ್ನು ನಾಲಿಗೆಯಿಂದ ಬದಿಗೆ ತಳ್ಳಿ, ಅರ್ಧ ಮರಗಟ್ಟಿದ ತುಟಿಯಲ್ಲಿ, ಹಾಕಲ್ಲ ಅಂತ ಹೇಳಿದ್ಯಲ್ಲಪ್ಪ, ಎಂದಳು. ಹೇಳಿದ್ದೆ, ಎಂದ. ಇನ್ನೇನಾದರೂ ಹೇಳಬೇಕಿತ್ತು, ನೆರಳಿನ ವಿಷಯ, ನರದ ವಿಷಯ, ಈಗ ನೀನು ದೊಡ್ಡವಳಾದೆ ಎನ್ನುವ ಹಾಳು ಮಾತು, ಬಾಯಿಂದ ಬಿದ್ದದ್ದು ಮಾತ್ರ, ಸ್ವಲ್ಪ ಹೊತ್ತು ಅಷ್ಟೇ ಪುಟ್ಟಾ, ಹಾಕ್ಲಾ. ಅವಳು ಹೂಂ ಅನ್ನಲಿ ಎಂದು ಕಾದ. ಹೂಂ ಅಂದರೆ ಮಾತು ಮುರಿದವನು ತಾನಲ್ಲ, ಬಿಟ್ಟುಕೊಟ್ಟವಳು ಅವಳು, ಎಂಥ ಅಪ್ಪ ನೀನು, ಮಗಳ ಹೂಂ ಹಿಂದೆ ಅವಿತುಕೊಳ್ಳಲು ಜಾಗ ಹುಡುಕುವವನು. ಹಾಕೋದಾದ್ರೆ ಹಾಕು, ನನ್ನ ಕೇಳ್ಬೇಡ, ಎಂದು ಅವಳು ಕಣ್ಣು ಮುಚ್ಚಿ ಬಾಯಿ ತೆರೆದಳು, ಎರಡೂ ಕೈ ಕಿವಿಗೆ ಹೋದವು, ಬೆಂಚಿನ ಕೆಳಗೆ ಕೂತಿದ್ದ ಹಾಗೇ, ಕೈ ಮಾತ್ರ ದೊಡ್ಡದಾಗಿತ್ತು. ಅವನು ಪೆಡಲು ಒತ್ತಿದ. ಸದ್ದು ಕೋಣೆ ತುಂಬಿತು, ಹೋಗಲು ದಾರಿಯಿಲ್ಲದೆ ಗೋಡೆಗೆ ಬಡಿದು ಅವನ ಕಿವಿಗೇ ಬಂತು, ಆ ಮಾಮ ಯಾಕಪ್ಪಾ ಹಾಗೆ ಕೂಗ್ತಿದ್ರು, ನೀರಿನ ತುಂತುರು, ಬಿಳಿ ಪುಡಿ, ಸಿಮೆಂಟು ಪದರ ಪದರವಾಗಿ ಹೋಗುತ್ತಿದೆ, ಈಗ ಕಾಣುತ್ತದೆ, ಈ ಗೋಡೆಗುಂಟ ಕಾಣಲೇಬೇಕು, ಇಲ್ಲ, ಆ ಗೋಡೆ, ಇಲ್ಲ, ಹಾಗಾದರೆ ತಳದಲ್ಲಿ, ಅವಳು ಕಿವಿಯನ್ನು ಇನ್ನಷ್ಟು ಬಿಗಿಯಾಗಿ ಒತ್ತಿಕೊಳ್ಳುತ್ತಿದ್ದಾಳೆ, ನಿಲ್ಲಿಸಬಾರದು, ಅರ್ಧಕ್ಕೆ ನಿಲ್ಲಿಸಿದರೆ ಎಲ್ಲವೂ ದಂಡ — ತಳ ಬಂತು. ನಿಲ್ಲಿಸಿದ. ಗಾಳಿ ಊದಿದ. ಕಂದು ಬಣ್ಣದ ತಳ, ಒಣಗಿದ್ದು, ಉಪಕರಣದ ಮೊನೆಯಿಂದ ತಟ್ಟಿದರೆ ಟಕ್ ಎಂದಿತು, ಇನ್ನೊಂದು ಕಡೆ ತಟ್ಟಿದ, ಅಲ್ಲೂ ಟಕ್, ಹೂತ ಹುಳುಕು ಹೂತಲ್ಲೇ ಕಲ್ಲಾಗಿತ್ತು, ಅಂಚು ಎಲ್ಲೂ ಬಿಟ್ಟಿರಲಿಲ್ಲ, ಇಷ್ಟು ವರ್ಷ ಆ ಸಿಮೆಂಟು ತನ್ನ ಕೆಲಸ ತಾನು ಮಾಡಿಕೊಂಡು ಕೂತಿತ್ತು. ಹಿಂದೆ ಸರಿದ ಬಾಯಿಕನ್ನಡಿಯಲ್ಲಿ ಆ ಹಲ್ಲಿನ ಹಿಂದಿನ ವಸಡು ಕಂಡಿತು, ಕೆಂಪಗೆ ಊದಿಕೊಂಡು, ಅದನ್ನು ಸೀಳಿಕೊಂಡು ಹೊರಡುತ್ತಿರುವ ಇನ್ನೊಂದು ದವಡೆ ಹಲ್ಲಿನ ಮೂಲೆ, ಈ ವಯಸ್ಸಿಗೆ ಬರಬೇಕಾದ ಹಲ್ಲೇ, ನೋವೂ ಅದರದ್ದೇ, ಬೇರೆ ಯಾರ ಮಗಳಾಗಿದ್ದರೂ ಮೊದಲು ಅದನ್ನೇ ನೋಡುತ್ತಿದ್ದ, ಎಲ್ಲೋ ಹಿಂದ್ಗಡೆ ಕಣಪ್ಪ, ಎಂದಿದ್ದಳು. ಹೇಗಿದೆ ಡಾಕ್ಟ್ರೇ, ಎಂದು ಸಿಸ್ಟರು ಕೇಳಿದರು. ಚೆನ್ನಾಗಿದೆ, ಎಂದ. ಗಿಣಿ ಕಿವಿಯಿಂದ ಕೈ ತೆಗೆದಿರಲಿಲ್ಲ. ಅವನು ಕುಳಿಯ ಗೋಡೆಗುಂಟ ಇನ್ನೂ ಹುಡುಕುತ್ತಿದ್ದ, ದೀಪ ಹತ್ತಿರ ಎಳೆದುಕೊಂಡು, ಬಿಳಿ, ಬಿಳಿ, ನಡುವೆ ನೀಲಿ ಗೆರೆ, ಗೆರೆ ಇಲ್ಲ, ಬಿಳಿ, ಗೆರೆ ಇಲ್ಲ.

ಕೊಟ್ಟ ಮಾತನ್ನು ಅವನು ಮುರಿದಿದ್ದ.