ಬಲಮೂಲೆಯ ಬನ್ನು

"ಉಗುಳೇ ಮುದುಕಿ! ಬಾಯಲ್ಲಿರೋದನ್ನ ಈಗ್ಲೇ ಉಗುಳು!"

ನನ್ನ ಅತ್ತೆ ಉಗುಳಿದಳು. ಅರ್ಧ ಅಗಿದ ಬನ್ನು ಹೊಳೆಯುವ ನೆಲದ ಮೇಲೆ ಬಿತ್ತು. ಅದನ್ನು ಒರೆಸಬೇಕಾದವಳೂ ಅವಳೇ, ಒರೆಸಿದಳು. ಸಾಮಾನಿನ ಗಾಡಿ ಹಿಡಿದು ನಿಂತಿದ್ದ ಗಿರಾಕಿಯೊಬ್ಬಳು ಕಾಫಿ ಕುಡಿಯುತ್ತಾ ನೋಡಿದಳು.

"ಗಿರಾಕಿಗಳಿಗೆ ಇಟ್ಟಿದ್ದಕ್ಕೆ ಬಾಯಿ ಹಾಕ್ತೀಯಾ, ಕಳ್ಳಮುಂಡೆ?" ಎಂದ ಮ್ಯಾನೇಜರ್.

"ಸಕ್ಕರೆ ಕಾಯಿಲೆ ಸಾರ್. ನಡುರಾತ್ರಿ ಏನಾದ್ರೂ ಹೊಟ್ಟೆಗೆ ಬೀಳದಿದ್ರೆ ತಲೆ ಸುತ್ತಿ ಬಿದ್ದೋಗ್ತೀನಿ."

"ಹಂಗಾದ್ರೆ ಮನೇಲೇ ಬಿದ್ದಿರು."

ನಮ್ಮ ಅಂಗಡಿಗೆ ಬಾಗಿಲು ಹಾಕುವ ಹೊತ್ತೆಂಬುದೇ ಇಲ್ಲ. ರಾತ್ರಿ ಹನ್ನೊಂದರ ಮೇಲೆ ಬಂದವರಿಗೆ ಕಾಫಿ, ಬನ್ನು ಪುಕ್ಕಟೆ. ತಿನ್ನುತ್ತಾ ಇನ್ನೂ ನಾಲ್ಕು ಸಾಮಾನು ಗಾಡಿಗೆ ಹಾಕಿಕೊಳ್ಳಲಿ ಎಂದು. ಆ ಮೇಜಿನ ಹಿಂದೆ ನಿಂತು, "ತಗೊಳ್ಳಿ ಸಾರ್, ಪುಕ್ಕಟೆ" ಎಂದು ಹಲ್ಲು ಕಿರಿಯುವುದು ನನ್ನ ಕೆಲಸ. ನಾವು ಮಾತ್ರ ಮನೆಯಿಂದ ಒಂದು ತುತ್ತೂ ತರುವಂತಿಲ್ಲ. ಚೀಲವನ್ನು ಬಾಗಿಲಲ್ಲೇ ಕಿತ್ತಿಟ್ಟುಕೊಳ್ಳುತ್ತಾರೆ. ಕಳ್ಳರಲ್ಲವೇ ನಾವು!

ಎರಡು ಗಂಟೆಗೆ ಹೊಸ ಬನ್ನು ಬರುತ್ತದೆ. ಹಳೆಯವನ್ನು ಹಿತ್ತಲಿನ ತೊಟ್ಟಿಗೆ ಸುರಿದು ಮೇಲೆ ಫಿನಾಯಿಲ್ ಹುಯ್ಯಬೇಕು. ಯಾರೂ ಆರಿಸಿ ತಿನ್ನಬಾರದಂತೆ. ಇವರ ಹೊಟ್ಟೆಗಿಷ್ಟು ಬೆಂಕಿ ಬೀಳ! ಹುಯ್ಯುವವಳು ನಾನೇ. ಅತ್ತೆ ಉಗುಳಿದ ರಾತ್ರಿಯಿಂದ ನಾನು ತೊಟ್ಟಿಯ ಎಡಕ್ಕಷ್ಟೇ ಹುಯ್ದೆ. ಬಲಮೂಲೆಯಲ್ಲಿ ರಟ್ಟಿನ ಕೆಳಗೆ ಎರಡು ಬನ್ನು ಫಿನಾಯಿಲ್ ತಾಗದಂತೆ ಉಳಿಸುತ್ತಿದ್ದೆ. ಕೊಳೆನೀರು ಚೆಲ್ಲುವ ನೆಪದಲ್ಲಿ ಅತ್ತೆ ಹೋಗಿ ತಿಂದು ಬರುತ್ತಿದ್ದಳು.

"ಸರಿಯಾಗಿ ಮೂಸಿ ನೋಡಿ ತಿನ್ನಿ ಅತ್ತೆ," ಎಂದಿದ್ದೆ.

"ಇಪ್ಪತ್ತು ವರ್ಷ ಫಿನಾಯಿಲಲ್ಲಿ ಕೈ ಅದ್ದಿದೀನಿ ಕಣೇ. ನನ್ನ ಮೂಗು ನನಗಿಂತ ಮುಂಚೇನೇ ಸತ್ತೋಯ್ತು. ನಿನ್ನ ಕೈ ನಂಬ್ತೀನಿ, ಸಾಕು," ಎಂದು ನಕ್ಕಿದ್ದಳು. ಅವಳ ಮಗ ತೀರಿಕೊಂಡ ಮೇಲೆ ನನಗೆ ಅವಳು, ಅವಳಿಗೆ ನಾನು, ಅಷ್ಟೇ.

ಒಂದು ತಿಂಗಳು ಹೀಗೆ ನಡೆಯಿತು. ಒಂದು ರಾತ್ರಿ ಗಿರಾಕಿಗಳು ಮುಗಿಬಿದ್ದಿದ್ದರು. ಎರಡು ಗಂಟೆಗೆ ಹಳೆಯ ಬನ್ನಿನ ತಟ್ಟೆಯನ್ನು ಮ್ಯಾನೇಜರೇ ಎತ್ತಿಕೊಂಡು ಹೋದ. ಬರಿಗೈಯಲ್ಲಿ ವಾಪಸು ಬಂದು, "ತೊಟ್ಟಿಗೆಲ್ಲ ಅರ್ಧ ಡಬ್ಬಿ ಸುರಿದೆ. ಇನ್ನು ನಾಯೀನೂ ಮೂಸಲ್ಲ," ಎಂದು ನನ್ನ ಪಕ್ಕದಲ್ಲೇ ನಿಂತ.

ಅಷ್ಟರಲ್ಲಿ ಅತ್ತೆ ಬಕೆಟ್ಟು ಹಿಡಿದು ಹಿತ್ತಲ ಕಡೆ ಹೊರಟಳು.

ಕೂಗಿದ್ದರೆ ಗುಟ್ಟು ಬಯಲಾಗುತ್ತಿತ್ತು. ಇಬ್ಬರ ಕೆಲಸವೂ ಹೋಗುತ್ತಿತ್ತು. ಬಾಯಿಗಿಟ್ಟರೆ ನಾಲಿಗೆಗೆ ಗೊತ್ತಾಗುತ್ತದೆ, ಉಗುಳುತ್ತಾಳೆ ಎಂದುಕೊಂಡೆ. "ತಗೊಳ್ಳಿ ಮೇಡಂ, ಪುಕ್ಕಟೆ," ಎನ್ನುತ್ತಾ ಅಲ್ಲೇ ನಿಂತೆ. ಅಯ್ಯೋ, ಪಾಪಿ ನಾನು! ಅಂದು ಎಲ್ಲರೆದುರು ಉಗುಳಿದ ಮೇಲೆ ಅತ್ತೆ ಅಗಿಯುವುದನ್ನೇ ಬಿಟ್ಟಿದ್ದಳು. ಬಾಯಿಗೆ ಹಾಕಿದ್ದನ್ನು ಗಬಕ್ಕನೆ ನುಂಗಿಬಿಡುತ್ತಿದ್ದಳು. ಅದು ನನಗೆ ಗೊತ್ತಿತ್ತು. ಆ ಗಳಿಗೆಯಲ್ಲಿ ನೆನಪಾಗಲಿಲ್ಲ.

ನೆನಪಾಗಿ ನಾನು ಓಡಿಹೋದಾಗ ತೊಟ್ಟಿಗೆ ಒರಗಿ ಕೂತಿದ್ದಳು. ತುಟಿಯೆಲ್ಲ ಬೆಳ್ಳಗೆ ಸುಟ್ಟಿತ್ತು. ಕೈಯಲ್ಲಿ ಎರಡನೆಯ ಬನ್ನು ಇತ್ತು.

ಆಸ್ಪತ್ರೆಯಲ್ಲಿ ಮೂರು ದಿನ ಒಂದು ಗುಟುಕು ನೀರೂ ಇಳಿಯಲಿಲ್ಲ, ಒಂದು ಮಾತೂ ಹೊರಡಲಿಲ್ಲ. ನನ್ನ ಕೈ ಹಿಡಿದುಕೊಂಡೇ ಇದ್ದಳು. ನಾಲ್ಕನೆಯ ದಿನ ಬಿಟ್ಟಳು. "ಕದ್ದು ತಿಂದ್ಲು, ನಾವೇನು ಮಾಡಕ್ಕಾಗುತ್ತೆ?" ಎಂದು ಮ್ಯಾನೇಜರ್ ಡಾಕ್ಟರಿಗೆ ಹೇಳಿಹೋದ.

ಮಣ್ಣು ಮಾಡಿದ ಮೂರನೆಯ ರಾತ್ರಿಗೇ ಮತ್ತೆ ಮೇಜಿನ ಹಿಂದೆ ನಿಂತಿದ್ದೆ. ಎರಡು ಗಂಟೆಗೆ ಹೊಸ ಬನ್ನು ಬಂತು, ಬಿಸಿಬಿಸಿ. ಗಿರಾಕಿಗಳು ಸುತ್ತ ನೆರೆದರು.

"ಮೋರೆ ಇಳಿಬಿಟ್ಕೊಂಡು ನಿಂತ್ರೆ ಯಾರು ಬರ್ತಾರೆ? ಸ್ವಲ್ಪ ನಗಮ್ಮಾ," ಎಂದ ಮ್ಯಾನೇಜರ್.

ಮೇಜಿನ ಕೆಳಗಿದ್ದ ಫಿನಾಯಿಲ್ ಡಬ್ಬಿ ಎತ್ತಿದೆ. ಮುಚ್ಚಳ ತೆಗೆದು ತಟ್ಟೆಯ ಮೇಲೆ ಹುಯ್ದೆ. ಎಡಕ್ಕೂ ಹುಯ್ದೆ, ಬಲಕ್ಕೂ ಹುಯ್ದೆ. ಗಿರಾಕಿಗಳು ಮೂಗು ಮುಚ್ಚಿಕೊಂಡು ಹಿಂದೆ ಸರಿದರು.

"ಏಯ್! ತಲೆ ಕೆಟ್ಟಿದೆಯೇನೇ? ಇದನ್ನ ಯಾವಳು ತಿಂತಾಳೆ?"

"ನಮ್ಮತ್ತೆ ತಿಂದ್ಲು."

ಒಂದು ಬನ್ನು ಎತ್ತಿ ಅವನ ಬಾಯಿಯ ಹತ್ತಿರ ಹಿಡಿದೆ. ಅವನೇ ಕಲಿಸಿದ್ದ ಹಾಗೆ, ಹಲ್ಲು ಕಾಣುವಂತೆ ನಕ್ಕೆ.

"ತಗೊಳ್ಳಿ ಸಾರ್, ಪುಕ್ಕಟೆ."