ಇದ್ದದ್ದನ್ನೂ ಬರಿ

ಹನ್ನೊಂದು ಹೆಸರು ಮುಗಿದಿದ್ದವು. ವಿಮಲಾ ಕಟ್ಟಿಮನಿ ಹನ್ನೆರಡನೆಯ ಹೆಸರಿನ ಕೆಳಗೆ ಸ್ಕೇಲು ಇಟ್ಟು, ಆರಿದ ಚಹಾದ ಮೇಲಿನ ಕೆನೆಯನ್ನು ಬೆರಳಿನಿಂದ ಸರಿಸಿದಳು. ಮೂವತ್ತೆರಡು ಜನರ ಪಟ್ಟಿ ಅದು. ಸಂಜೆ ಆರರೊಳಗೆ ಎಲ್ಲರನ್ನೂ ನನ್ನಿಂದ ಬಿಡಿಸಿ ಹೊಸಬಳಿಗೆ ಒಪ್ಪಿಸಬೇಕಿತ್ತು. ಆರಕ್ಕೆ ನನ್ನನ್ನು ಮುಚ್ಚುತ್ತಾರೆ.

ನಾನು ಒಂದು ಕಿಂಡಿ. ಗೋಡೆಯಲ್ಲಿ ಇರುವಂಥದ್ದಲ್ಲ. ಕಟ್ಟಡ ಕಟ್ಟುವವರು ಬಳಸುವ ಒಂದು ಸಾಫ್ಟ್‌ವೇರಿನ ಒಳಗಿನ ವಿಳಾಸ. ತಿಳಿದವರು ಎಪಿಐ ಎಂಡ್‌ಪಾಯಿಂಟ್ ಎನ್ನುತ್ತಾರೆ. ಒಬ್ಬರ ಹೆಸರನ್ನೂ ಅವರು ಏನೇನು ಮಾಡಬಹುದು ಎಂಬ ಪಟ್ಟಿಯನ್ನೂ ನನ್ನೊಳಗೆ ಕಳಿಸಿದರೆ ಅದನ್ನು ಬರೆದಿಟ್ಟುಕೊಂಡು ‘ಆಯಿತು’ ಎಂದು ಉತ್ತರ ಕೊಡುತ್ತೇನೆ. ಯಾರು ನಕ್ಷೆ ನೋಡಬಹುದು, ಯಾರು ಸಿಮೆಂಟು ತರಿಸಬಹುದು, ಯಾರು ಕೆಲಸ ನಿಲ್ಲಿಸಬಹುದು, ಎಲ್ಲವೂ ನನ್ನ ಮೂಲಕವೇ ತೀರ್ಮಾನವಾಗುತ್ತಿತ್ತು.

ಒಂಬತ್ತು ವರ್ಷದ ಹಿಂದೆ ಪುಣೆಯಲ್ಲಿ ಮಧುರಾ ಎಂಬ ಹುಡುಗಿ ನನ್ನನ್ನು ಬರೆದಳು. ಊಟ ಮುಗಿಸಿ ಕೂತವಳು ಸಂಜೆಯ ಬಸ್ಸಿಗೆ ಏಳುವಷ್ಟರಲ್ಲಿ ನಾನು ತಯಾರಾಗಿದ್ದೆ. ಅವಸರದಲ್ಲಿ ಹುಟ್ಟಿದ್ದರಿಂದ ನನಗೊಂದು ಗುಣ ಅಂಟಿಕೊಂಡಿತು. ಬಂದ ಪಟ್ಟಿಯೇ ನನಗೆ ಪೂರ್ತಿ ಪಟ್ಟಿ. ಅದರಲ್ಲಿ ಇಲ್ಲದ್ದನ್ನು ಅಳಿಸಿಬಿಡುತ್ತೇನೆ. ಬೇಡವೆಂದು ಬಿಟ್ಟರೋ ಮರೆತು ಬಿಟ್ಟರೋ ನನಗೆ ತಿಳಿಯುವುದಿಲ್ಲ. ‘ಸದ್ಯಕ್ಕೆ ಸಾಕು, ಆಮೇಲೆ ಸರಿಮಾಡಬೇಕು’ ಎಂದು ಮಧುರಾ ನನ್ನ ನೆತ್ತಿಯ ಮೇಲೆ ಒಂದು ಸಾಲು ಬರೆದಿದ್ದಳು. ಆಮೇಲೆ ಆಕೆ ಕೆಲಸ ಬಿಟ್ಟಳು. ಸಾಲು ಉಳಿಯಿತು.

ಹುಬ್ಬಳ್ಳಿಯ ಈ ಕಂಪನಿಯಲ್ಲಿ ಮೊದಲು ನನ್ನನ್ನು ಬಳಸಿದವರು ಪ್ರಭಾಕರ ಎಂಬವರು. ಅವರು ನಿವೃತ್ತರಾದ ಮೇಲೆ ವಿಮಲಾಳ ಕೈಗೆ ಬಂದೆ. ಆಕೆಗೆ ಆಗ ನಲವತ್ತೊಂದು. ಟೈಪಿಸ್ಟಾಗಿ ಸೇರಿ ಹಾಜರಿ, ರಜೆ, ಬೀಗದ ಕೈ ಎಲ್ಲ ನೋಡಿಕೊಂಡು ಬಂದವಳು. ಎಲ್ಲರಿಗೂ ಅನುಮತಿ ಹಂಚುವ ಆಕೆಯ ಸ್ವಂತ ಹೆಸರಿನ ಮುಂದೆ ಇದ್ದದ್ದು ಒಂದೇ ಅನುಮತಿ: ಬೇರೆಯವರಿಗೆ ಅನುಮತಿ ಕೊಡುವುದು. ತನಗಾಗಿ ಇನ್ನೊಂದನ್ನು ಆಕೆ ಎಂದೂ ಬರೆದುಕೊಳ್ಳಲಿಲ್ಲ. ಬರೆದುಕೊಂಡಿದ್ದರೆ ನಾನು ಏಕೆಂದು ಕೇಳುತ್ತಿರಲಿಲ್ಲ.

ಮೊದಲ ವಾರವೇ ಆಕೆ ಒಂದು ತಪ್ಪು ಮಾಡಿದಳು. ಗುಣಮಟ್ಟ ನೋಡುವ ಎಂಜಿನಿಯರ್ ನಸ್ರೀನ್ ಮುಲ್ಲಾಳಿಗೆ ಕೆಲಸ ತಡೆಯುವ ಅನುಮತಿ ಹೊಸದಾಗಿ ಕೊಡಬೇಕಿತ್ತು. ವಿಮಲಾ ಅದೊಂದನ್ನೇ ಬರೆದು ಕಳಿಸಿದಳು. ನಾನು ಉಳಿದ ಆರನ್ನೂ ಅಳಿಸಿ ‘ಆಯಿತು’ ಎಂದೆ. ಮರುದಿನ ನಸ್ರೀನಳ ಫೋನಿನಲ್ಲಿ ನಕ್ಷೆಯೂ ತೆರೆಯಲಿಲ್ಲ. ಆಕೆ ಹೆಲ್ಮೆಟ್ ಕಂಕುಳಲ್ಲಿ ಇಟ್ಟುಕೊಂಡು ನೇರ ಆಫೀಸಿಗೆ ಬಂದಳು.

“ವಿಮಲಕ್ಕಾ, ಇಕಿಗೆ ಅಡ್ಡಗಾಲು ಹಾಕೂದು ಬಿಟ್ರ ಬ್ಯಾರೆ ಏನೂ ಬರೂದಿಲ್ಲ ಅಂತ ಸೈಟಿನಾಗ ಎಲ್ಲಾರೂ ಅಂತಿದ್ರು. ಈಗ ಕಂಪ್ಯೂಟರನೂ ಅಂದ್ಬಿಡ್ತು ನೋಡ್ರಿ!”

ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಅಂದೇ ವಿಮಲಾ ಒಂದು ಚೀಟಿಯಲ್ಲಿ ‘ಇದ್ದದ್ದನ್ನೂ ಬರಿ’ ಎಂದು ಬರೆದು ಮೇಜಿನ ಗಾಜಿನ ಕೆಳಗೆ ಇಟ್ಟಳು. ಆಮೇಲೆ ಆಕೆಯ ಕೈ ತಪ್ಪಲಿಲ್ಲ.

ಎರಡು ವರ್ಷದ ಹಿಂದೆ ನನಗೆ ‘ಹಳತು, ಬಳಸಬೇಡಿ’ ಎಂಬ ಲೇಬಲ್ ಅಂಟಿಸಿದರು. ಪಕ್ಕದಲ್ಲಿ ಹೊಸ ಕಿಂಡಿ ತೆರೆದರು. ಆ ಹೊಸಬಳು ಶಿಸ್ತಿನವಳು. ಹೇಳಿದ್ದನ್ನಷ್ಟೇ ಬದಲಿಸುತ್ತಾಳೆ, ಉಳಿದದ್ದನ್ನು ಮುಟ್ಟುವುದಿಲ್ಲ. ಒಂದು ಅನುಮತಿ ತೆಗೆಯಬೇಕಾದರೆ ಕಾರಣ ಕೇಳುತ್ತಾಳೆ, ತೆಗೆದವರ ಹೆಸರು ಬರೆದಿಡುತ್ತಾಳೆ, ಕಳೆದುಕೊಂಡವರಿಗೆ ಸುದ್ದಿ ಮುಟ್ಟಿಸುತ್ತಾಳೆ. ನಾನು ಈ ಯಾವುದನ್ನೂ ಮಾಡಿದವಳಲ್ಲ.

ನನ್ನ ಕೊನೆಯ ಆ ದಿನ ಹನ್ನೆರಡನೆಯ ಹೆಸರು ನಸ್ರೀನಳದ್ದೇ ಆಗಿತ್ತು. ಪ್ರಾಜೆಕ್ಟ್ ಮ್ಯಾನೇಜರ್ ಹೊಂಬಳ ಒಳಗೆ ಬಂದು ವಿಮಲಾಳ ಮೇಜಿಗೆ ಕೈ ಊರಿ ನಿಂತರು.

“ಮೇಡಂ, ಹಳೇದು ಇನ್ನೂ ಚಾಲೂ ಐತಲ್ಲಾ?”

“ಆರರ ತನಕ ಐತ್ರಿ ಸರ್.”

“ಹಂಗಾರ ಅದರಾಗ ನಸ್ರೀನ್‌ದು ತಡಿಯೂ ಪರ್ಮಿಷನ್ ತಗದಬಿಡ್ರಿ. ಹೊಸಾದ್ರಾಗ ಮಾಡಿದ್ರ ಯಾಕ ಅಂತ ಕೇಳ್ತೈತಿ, ಅಕಿಗೂ ಮೆಸೇಜ್ ಹೊಕ್ಕೈತಿ.”

ಹುಡುಗಿಯರ ಹಾಸ್ಟೆಲ್ಲಿನ ಕೆಲಸ ಅದು. ಮೂರನೆಯ ಮಹಡಿಯ ಕಂಬಗಳಿಗೆ ಸುರಿದ ಕಾಂಕ್ರೀಟಿನಿಂದ ತೆಗೆದಿಟ್ಟ ಮಾದರಿ ಕ್ಯೂಬುಗಳನ್ನು ಏಳನೆಯ ದಿನ ಯಂತ್ರದಲ್ಲಿ ಒತ್ತಿ ನೋಡಿದಾಗ, ಇರಬೇಕಾದ ಬಲ ಇರಲಿಲ್ಲ. ಇಪ್ಪತ್ತೆಂಟನೆಯ ದಿನದ ಪರೀಕ್ಷೆ ಆಗುವವರೆಗೆ ಆ ಕಂಬಗಳ ಮೇಲೆ ಸ್ಲ್ಯಾಬ್ ಹಾಕಕೂಡದು ಎಂದು ನಸ್ರೀನ್ ತಡೆ ಹಾಕಿದ್ದಳು. ಆಕೆಯ ಅನುಮತಿ ಹೋದರೆ ಆಕೆ ಹಾಕಿದ ತಡೆಯೂ ತಾನಾಗಿ ಬಿದ್ದುಹೋಗುತ್ತದೆ.

“ಕ್ಯೂಬಿನ ರಿಪೋರ್ಟ್ ಬಂತೇನ್ರಿ?” ಎಂದಳು ವಿಮಲಾ.

“ಬರ್ತೈತಿ ಬಿಡ್ರಿ. ಅಲ್ಲೀ ತನಕ ಮಂದಿ ಎಲ್ಲಾ ಭಜನಿ ಮಾಡ್ಕೋತ ಕುಂದರಬೇಕೇನು? ಗುರುವಾರ ಕಾಂಕ್ರೀಟ್ ಗಾಡಿ ಬರ್ತಾವ.” ಹೊಂಬಳ ನಕ್ಕರು. “ನೀವು ತಗದ್ರಿ ಅಂತ ಯಾರಿಗೂ ಗೊತ್ತಾಗೂದಿಲ್ಲ. ಹಳೇದು ಏನೂ ಬರಕೊಳ್ಳೂದಿಲ್ಲ.”

ಅದು ನನ್ನ ಬಗ್ಗೆ ಆಡಿದ ಮಾತು. ನಿಜವೇ ಆಗಿತ್ತು.

ಅವರ ಫೋನು ರಿಂಗಾಯಿತು. ಅವರು ಬಾಗಿಲ ಕಡೆ ತಿರುಗಿ ಮಾತಾಡತೊಡಗಿದರು. ವಿಮಲಾ ಒಂದೊಂದಾಗಿ ಟೈಪ್ ಮಾಡಿದಳು. ನಕ್ಷೆ ನೋಡುವುದು. ಫೋಟೊ ಸೇರಿಸುವುದು. ಪರೀಕ್ಷೆಯ ವರದಿ ಬರೆಯುವುದು. ಆರನೆಯದರವರೆಗೆ ಬಂದು ಬೆರಳು ನಿಂತಿತು. ಅಷ್ಟಕ್ಕೇ ಕಳಿಸಿದ್ದರೆ ನಾನು ಏಳನೆಯದನ್ನು ಅಳಿಸಿ, ಎಂದಿನ ದನಿಯಲ್ಲೇ ‘ಆಯಿತು’ ಎನ್ನುತ್ತಿದ್ದೆ. ಇಷ್ಟು ವರ್ಷ ನಾನು ಬದುಕಿದ್ದೇ ಹಾಗೆ.

ಆಕೆಯ ಕಣ್ಣು ಗಾಜಿನ ಕೆಳಗಿನ ಚೀಟಿಯ ಮೇಲೆ ಇತ್ತು. ಶಾಯಿ ಮಾಸಿ, ಕಾಗದ ಹಳದಿಗಟ್ಟಿತ್ತು. ಚೀಟಿ ಓದಲು ಅಷ್ಟು ಹೊತ್ತು ಬೇಕಿರಲಿಲ್ಲ. ಆಮೇಲೆ ಆಕೆ ಏಳನೆಯದನ್ನೂ ಟೈಪ್ ಮಾಡಿದಳು. ಕೆಲಸ ತಡೆಯುವುದು.

ಕಳಿಸಿದಳು. ಇದ್ದ ಪಟ್ಟಿಯೇ ಇದ್ದ ಹಾಗೆ ನನ್ನೊಳಗೆ ಬಂತು. ಬದಲಿಸುವುದಕ್ಕೆ ಏನೂ ಇರಲಿಲ್ಲ. ಆದರೂ ನಾನು ಕಲಿತದ್ದು ಒಂದೇ ಉತ್ತರ.

“ಆತೇನ್ರಿ?” ಹೊಂಬಳ ತಿರುಗಿ ಬಂದರು.

ವಿಮಲಾ ಪರದೆಯನ್ನು ಅವರ ಕಡೆ ಸ್ವಲ್ಪ ತಿರುಗಿಸಿದಳು. ನಸ್ರೀನ್ ಮುಲ್ಲಾ. ಆಯಿತು. ಅಷ್ಟೇ ಇತ್ತು ಅಲ್ಲಿ.

“ಭೇಷ್,” ಎಂದು ಅವರು ಹೊರಟರು.

ಗುರುವಾರ ಗಾಡಿಗಳು ಗೇಟಿನಲ್ಲಿ ನಿಲ್ಲುತ್ತವೆ, ತಡೆ ಇದ್ದಲ್ಲೇ ಇರುತ್ತದೆ, ಹೊಂಬಳ ಇದೇ ಮೇಜಿಗೆ ಮತ್ತೆ ಕೈ ಊರುತ್ತಾರೆ. ಆಕೆಗೆ ಅದು ಗೊತ್ತಿತ್ತು. ಆ ಹೊತ್ತಿಗೆ ನಾನು ಇರುವುದಿಲ್ಲ. ಹೊಸಬಳು ಕಾರಣ ಕೇಳುತ್ತಾಳೆ.

ನಾಲ್ಕೂವರೆಗೆ ನಸ್ರೀನ್ ಫೋನ್ ಮಾಡಿದಳು. “ಅಕ್ಕಾ, ನನ್ನ ಹೆಸರು ಹೊಸಾದಕ್ಕ ಹೋತೇನ್ರಿ? ಈ ಸರ್ತಿನೂ ಆರು ಅಳಿಸಿದ್ರಿಲ್ಲೋ?”

“ಏಳೂ ಅದಾವ,” ಎಂದಳು ವಿಮಲಾ.

ಒಂಬತ್ತು ವರ್ಷದಲ್ಲಿ ನಾನು ಎಷ್ಟೋ ಜನರ ಅಧಿಕಾರ ಅಳಿಸಿದ್ದೇನೆ. ಒಂದನ್ನೂ ಬರೆದಿಟ್ಟಿಲ್ಲ. ನೆನಪಾಗಿ ಉಳಿದದ್ದು, ಏನೂ ಬದಲಾಗದ ಆ ಒಂದು ಪಟ್ಟಿ.

ಆರಕ್ಕೆ ಐದು ನಿಮಿಷವಿತ್ತು. ವಿಮಲಾ ಗಾಜನ್ನು ಒಂದು ಕಡೆ ಎತ್ತಿ ಚೀಟಿಯನ್ನು ಹೊರತೆಗೆದಳು. ಕಸದ ಬುಟ್ಟಿಗೆ ಹಾಕಲಿಲ್ಲ. ಮಡಿಸಿ ಪರ್ಸಿನೊಳಗೆ ಇಟ್ಟುಕೊಂಡು, ಪಟ್ಟಿಯ ಮೇಲಿನ ಸ್ಕೇಲು ಮೂವತ್ತೆರಡನೆಯ ಹೆಸರಿನ ಕೆಳಗೆ ಬಂದಿದ್ದನ್ನು ನೋಡಿ, ಫ್ಯಾನಿನ ಸ್ವಿಚ್ ಆರಿಸಿದಳು.