ದೊಡ್ಡಪ್ಪನ ಹಳೆಯ ತಂತಿಗಳು

ನನ್ನ ದೊಡ್ಡಪ್ಪ ಜಗಳಕ್ಕೆ ನಿಂತಾಗ ಎರಡೂ ಕೈ ಪ್ಯಾಂಟಿನ ಜೇಬಿನಲ್ಲಿರುತ್ತಿದ್ದವು. ಹೊಡೆತವೆಲ್ಲ ಹಣೆಯಿಂದ, ಮೊಣಕೈಯಿಂದ, ಬೂಟಿನಿಂದ. ಬೇಸ್ ಗಿಟಾರ್ ನುಡಿಸುವವನಿಗೆ ಬೆರಳೇ ಅನ್ನ, ಅನ್ನವನ್ನು ಯಾರಾದರೂ ಕಂಡವರ ದವಡೆಗೆ ಎಸೆಯುತ್ತಾರೆಯೇ ಎಂಬುದು ಅವನ ವಾದ. ಹೀಗೆ ಜೇಬಿನಿಂದ ಕೈ ತೆಗೆಯದೆಯೇ ಒಬ್ಬ ಡ್ರಮ್ಮರನ ಹಲ್ಲು, ಒಬ್ಬ ಮ್ಯಾನೇಜರನ ಮೂಗು, ಒಂದು ಸ್ಟುಡಿಯೋದ ಬಾಗಿಲು ಮುರಿದಿದ್ದ.

ಸಿಟ್ಟಿಗೆ ಕಾರಣವಿತ್ತು. ಊರೆಲ್ಲ ಇವತ್ತಿಗೂ ಗುನುಗುವ ಆ ಹಳೆಯ ಸೋಲ್ ಹಾಡಿದೆಯಲ್ಲ, ಅದನ್ನು ಗುನುಗಲು ಹೊರಟರೆ ಬಾಯಿಗೆ ಮೊದಲು ಬರುವುದು ಮಾತಲ್ಲ, "ಜುಯ್... ದುಂ, ದುದ್ದುಂ ದುಂ." ಆ ದುಂ ದೊಡ್ಡಪ್ಪನದು. ರೆಕಾರ್ಡಿನ ಹೊದಿಕೆಯ ಮೇಲೆ ಗಾಯಕನ ಮುಖವಿತ್ತು, ಗಾಯಕನ ನಾಯಿಯ ಮುಖವೂ ಇತ್ತು. ನುಡಿಸಿದವರ ಜಾಗದಲ್ಲಿ "ಮತ್ತು ಇತರರು" ಎಂದಿತ್ತು. ಅಂದಿನಿಂದ ಸ್ಟುಡಿಯೋಗಳಲ್ಲಿ ಅವನ ಅಡ್ಡಹೆಸರೇ ಅದಾಯಿತು. "ಇತರರು ಬಂದ್ರಾ?" "ಬಂದ್ರು, ಟೀ ಕುಡೀತಾವ್ರೆ." ಸೋಲ್ ಸಂಗೀತವೆಂದರೆ ಆತ್ಮದ ಸಂಗೀತ, ಸೋಲಿನ ಸಂಗೀತವಲ್ಲ ನಿಜ, ಆದರೆ ಬೇಸ್ ಹಿಡಿದವನಿಗೆ ಆ ವ್ಯತ್ಯಾಸವನ್ನು ತಿಳಿಸಿ ಹೇಳುವುದು ಕಷ್ಟ.

ಈಗ ಮುದಿ ಗಾಯಕ ಅದೇ ಹಾಡನ್ನು ಮತ್ತೆ ರೆಕಾರ್ಡ್ ಮಾಡಲು ಹೊರಟಿದ್ದ. ಹಳಬರೇ ನುಡಿಸಬೇಕು, ಈ ಸಲ ಎಲ್ಲರ ಹೆಸರೂ ಹೊದಿಕೆಯ ಮೇಲೆ ಬರುತ್ತದೆ ಎಂದು ಮಾತು ಕೊಟ್ಟಿದ್ದ. ದೊಡ್ಡಪ್ಪ ಶರ್ಟಿಗೆ ಇಸ್ತ್ರಿ ಹಾಕಿಸಿದ. ಕೋರಸ್ಸಿನಲ್ಲಿ ನಿಂತು "ಊಊ" ಎನ್ನಲು ನನಗೂ ಕರೆ ಬಂತು.

ಸ್ಟುಡಿಯೋಕ್ಕೆ ಗಿಟಾರ್ ತಂದವನು ಭಾವ, ಅಂದರೆ ದೊಡ್ಡಪ್ಪನ ಅಳಿಯ. ಅವನದು ವಾದ್ಯ ರಿಪೇರಿಯ ಅಂಗಡಿ, ಮಾವನೆಂದರೆ ದೇವರು. "ಮಾವ, ಒಂಚೂರು ಕಣ್ಮುಚ್ಚಿ" ಎಂದು ಪೆಟ್ಟಿಗೆ ತೆರೆದ.

ಗಿಟಾರ್ ಮದುಮಗನ ಹಾಗೆ ಹೊಳೆಯುತ್ತಿತ್ತು. ದೊಡ್ಡಪ್ಪ ಒಂದು ತಂತಿ ಮೀಟಿದ. "ಠಣ್ಣ್ಣ್" ಎಂದಿತು, ಸ್ಟೀಲ್ ಲೋಟ ಮೆಟ್ಟಿಲಿಳಿದ ಹಾಗೆ.

"ಹಳೇ ತಂತಿ ಎಲ್ಲಿ, ಅಳಿಯಂದಿರೇ?"

"ಅಯ್ಯೋ ಅದಾ? ಜಿಡ್ಡುಗಟ್ಟಿ ಬಿಚ್ಚೋಕೇ ಬರ್ಲಿಲ್ಲ, ಕಟರ್ ಹಾಕ್ಬಿಟ್ಟೆ. ಬುಡದಲ್ಲಿ ಯಾವ್ದೋ ಕೊಳೆತ ಸ್ಪಾಂಜ್ ಬೇರೆ ತುರುಕಿತ್ತು, ಎಸೆದೆ. ಹೆಸರು ಬರೋ ದಿನ ವಾದ್ಯ ಕೊಳಕಾಗಿರ್ಬಾರ್ದು ಅಂತ, ಮಾವ."

ಆ ಕೊಳಕೇ ಸ್ವರವಾಗಿತ್ತು. ದೊಡ್ಡಪ್ಪನ ಮದುವೆಗೆ ಮುಂಚಿನ ತಂತಿಗಳವು. ವರ್ಷಗಟ್ಟಲೆ ಬೆವರು ಕುಡಿದು ಕಿವುಡಾಗಿದ್ದವು. ಬುಡದ ಸ್ಪಾಂಜು ಸದ್ದು ಎಳೆಯದಂತೆ ಅದರ ಕತ್ತು ಹಿಡಿಯುತ್ತಿತ್ತು. ದಿಂಬಿಗೆ ಗುದ್ದಿದ ಹಾಗೆ "ದುಂ" ಎಂದು ಅಲ್ಲೇ ಸಾಯುವ ಆ ಸ್ವರ ಇನ್ನು ಯಾವ ಅಂಗಡಿಯಲ್ಲೂ ಸಿಗುವಂತಿರಲಿಲ್ಲ.

"ಹತ್ರ ಬನ್ನಿ, ಅಳಿಯಂದಿರೇ."

ಶಹಬ್ಬಾಸ್ ಹೇಳುತ್ತಾನೆಂದು ಭಾವ ನಗುತ್ತ ಹೋದ. ದೊಡ್ಡಪ್ಪನ ಹಣೆ ಮೂಗಿನ ನಡುಮಧ್ಯಕ್ಕೆ ಬಿತ್ತು. ಭಾವ ಡ್ರಮ್ಮುಗಳ ಮೇಲೆ ಅಂಗಾತ ಬಿದ್ದ, ತಾಳದ ತಟ್ಟೆ ಉರುಳಿ ಅವನ ಕಿವಿ ಹರಿಯಿತು. "ದಯವಿಟ್ಟು ಏಳಿ" ಎಂದು ದೊಡ್ಡಪ್ಪ ಪಕ್ಕೆಗೊದ್ದ. "ನೋವಾಯ್ತಾ ತಮಗೆ?" ಎಂದು ಇನ್ನೊಮ್ಮೆ. ಮನೆಯ ಅಳಿಯನಿಗೆ ಅವನು ಎಂದೂ ಬಹುವಚನ ತಪ್ಪಿಸಿದವನಲ್ಲ.

ಆಮೇಲೆ, ನಾನು ಹುಟ್ಟಿದಾಗಿನಿಂದ ನೋಡದ್ದನ್ನು ನೋಡಿದೆ. ಕೈ ಜೇಬಿನಿಂದ ಹೊರಬಂತು. ಏಳುತ್ತಿದ್ದ ಭಾವ ತಲೆ ತಗ್ಗಿಸಿದ. ಬಲಗೈ ಮುಷ್ಟಿ ನೆತ್ತಿಗೆ ಬಡಿಯಿತು. ಲಟ್ ಎಂದದ್ದು ನೆತ್ತಿಯಲ್ಲ.

ದೊಡ್ಡಪ್ಪ ಬೆರಳುಗಳನ್ನು ನೋಡಿಕೊಂಡ. ಮೀಟುವ ಬೆರಳು ಅಡ್ಡಕ್ಕೆ ತಿರುಗಿ ನಿಂತಿತ್ತು.

ಗಾಜಿನಾಚೆ ಕೂತಿದ್ದ ಗಾಯಕ ಒಳಗೆ ಬಂದು ನಕ್ಕ. "ಹೋಗ್ಲಿ ಬಿಡ್ರಿ ಇತರರೇ. ಬೇಸ್ ಯಾವನ್ ಕೇಳ್ತಾನೆ? ಕೀಬೋರ್ಡಲ್ಲಿ ಒತ್ತಿಸ್ತೀನಿ. ಹೆಸರಿನ ಮಾತು ಮರ್ತುಬಿಡಿ, ಮನೆಗೆ ಹೋಗಿ ಎಣ್ಣೆ ಹಚ್ಕೊಳ್ಳಿ."

ಭಾವ ಎದ್ದು ಮೈಕಿನ ಸ್ಟ್ಯಾಂಡ್ ಕಿತ್ತುಕೊಂಡ. ಮೊದಲ ಬೀಸಿಗೆ ಗಾಯಕನ ತುಟಿ ಒಡೆಯಿತು. ಎರಡನೆಯದು ಗುರಿ ತಪ್ಪಿ ರೆಕಾರ್ಡಿಸ್ಟನ ಗಾಜಿಗೆ ಬಿತ್ತು. ಚೂರುಗಳು ಒಳಗೂ ಹೊರಗೂ ಸುರಿದವು. "ನಮ್ಮಾವ ನನ್ನ ಸಾಯ್ಸಲಿ, ಅದು ಮನೆ ವಿಷ್ಯ" ಎಂದ, ರಕ್ತ ನುಂಗುತ್ತ. "ನೀನು ಅವ್ರಿಗೆ ಏನಾದ್ರೂ ಅಂದ್ಯೋ, ಗಂಟಲಿಗೇ ಇದನ್ನ ಇಳಿಸ್ತೀನಿ."

ಗಾಯಕ ಹಟಮಾರಿ. ತುಟಿಗೆ ಕರವಸ್ತ್ರ ಒತ್ತಿಕೊಂಡು ಕೀಬೋರ್ಡಿನವನಿಗೆ ಕೈಸನ್ನೆ ಮಾಡಿದ. ಆದರೆ ಆ ಹಾಡಿಗೆ ಒಂದು, ಎರಡು ಎಂದು ಎಣಿಸಿ ಶುರುಮಾಡುವ ಪದ್ಧತಿಯೇ ಇರಲಿಲ್ಲ. ಮೊದಲ ದುಂಗೆ ಮುಂಚೆ ದೊಡ್ಡಪ್ಪ ತಂತಿಯ ಮೇಲೆ ಜುಯ್ ಎಂದು ಬೆರಳು ಜಾರಿಸುತ್ತಿದ್ದ, ಆ ಜಾರಿಕೆಯ ಮೇಲೆಯೇ ಗಾಯಕ ಉಸಿರೆಳೆಯುತ್ತಿದ್ದ. ಕೀಬೋರ್ಡಿಗೆ ಜಾರಲು ಬಾರದು. ಗಾಯಕ ಒಮ್ಮೆ ಮುಂಚೆ ನುಗ್ಗಿದ, ಒಮ್ಮೆ ಹಿಂದೆ ಉಳಿದ. ಆಮೇಲೆ ಬಾಯಿ ತೆರೆದು ಹಾಗೇ ನಿಂತ. ಸಹಾಯವಾಗಲೆಂದು ನಾನು ದೊಡ್ಡಪ್ಪನಂತೆ ಬಾಯಲ್ಲಿ "ಜುಯ್... ದುಂ" ಎಂದೆ. ಗಾಯಕ ಎಸೆದ ಲೋಟ ನನ್ನ ಹಣೆಗೆ ಬಡಿದು ನನಗೂ ನನ್ನ ಪಾಲು ಸಂದಿತು.

ಅವನು ಕೆಂಪಗೆ ಉಗುಳಿ ಸ್ಟೂಲಿನ ಮೇಲೆ ಕುಕ್ಕರಿಸಿದ. "ಬನ್ರಿ" ಎಂದ, ದೊಡ್ಡಪ್ಪನ ಕಡೆ ನೋಡದೆ. "ಯಾರಾದ್ರೂ ಕತ್ತಿನ ಪಟ್ಟಿ ಹಿಡಿದು ಎಳೀದಿದ್ರೆ ನಂಗೆ ಹಾಡಿನ ಒಳಗ್ ಹೋಗೋಕೇ ಆಗಲ್ಲ."

"ಬೆರಳಿಲ್ಲ" ಎಂದ ದೊಡ್ಡಪ್ಪ. ಆಮೇಲೆ, "ಅಳಿಯಂದಿರೇ, ಹಿಂದೆ ಬಂದು ನಿಂತ್ಕೊಳ್ಳಿ."

ಕೂತ ದೊಡ್ಡಪ್ಪನ ಎಡಗೈ ತಂತಿಗಳನ್ನು ಒತ್ತಿ ಹಿಡಿಯಿತು. ಬೆನ್ನ ಹಿಂದಿನಿಂದ ಬಳಸಿ ಬಂದ ಭಾವನ ಬಲಗೈ ಮೀಟಿತು. ಅಂಗೈಯ ಬುಡವನ್ನು ತಂತಿಗಳ ಬುಡಕ್ಕೆ ಒತ್ತಿ ಸ್ಪಾಂಜಿನ ಕೆಲಸವನ್ನೂ ಅದೇ ಮಾಡಿತು. ತಾಳ ತಪ್ಪಿದಾಗಲೆಲ್ಲ ದೊಡ್ಡಪ್ಪನ ಮೊಣಕೈ ಭಾವನ ಒದೆ ತಿಂದ ಪಕ್ಕೆಗೇ ಹೋಗುತ್ತಿತ್ತು. ಭಾವ ನರಳುತ್ತಿದ್ದ, ಮುಂದಿನ ಸ್ವರ ಸರಿಯಾಗಿ ಬೀಳುತ್ತಿತ್ತು. ಮೂಗಿನ ರಕ್ತ ಮಾವನ ಇಸ್ತ್ರಿ ಶರ್ಟಿನ ಭುಜದ ಮೇಲೆ ತೊಟ್ಟಿಕ್ಕುತ್ತಿತ್ತು. ಹೊಸ ತಂತಿ ಭಾವನ ಬೆರಳ ತುದಿ ಸೀಳಿತು, ತಂತಿ ರಕ್ತದಲ್ಲಿ ಒದ್ದೆಯಾದಂತೆ ಠಣಠಣ ಇಳಿಯಿತು. ಜುಯ್... ದುಂ. ಗಾಯಕ ಉಸಿರೆಳೆದ. ಒಡೆದ ತುಟಿಯಿಂದ ಮೊದಲ ಸಾಲು ಹೊರಗೆ ಬಂತು, ತಪ್ಪದೆ.

ಹಾಡು ಮುಗಿದ ಮೇಲೆ ಗಾಯಕನೇ ರೆಕಾರ್ಡಿಸ್ಟನಿಗೆ, ಒಡೆದ ಗಾಜಿನ ತೂತಿನಿಂದ, "ಬೇಸ್ ಜಾಸ್ತಿ ಮಾಡಯ್ಯ" ಎಂದು ಕೂಗಿದ. ಆಮೇಲೆ ಗೊಣಗಿದ, "ಹೆಸರು ಯಾರದು ಹಾಕ್ಲಿ? ನುಡಿಸಿದ್ದು ಇಬ್ರು."

"ಎಡಗೈ ನಂದು, ಬಲಗೈ ಅವ್ರದು. ಹಂಗೇ ಹಾಕಿ."

ಹಾಗೆಯೇ ಬಂತು. ಗಾಯಕನ ಹೊಸ ನಾಯಿಯ ಚಿತ್ರದ ಕೆಳಗೆ ಬೇಸ್ ಎಂದಿದೆ, ಎದುರಿಗೆ ಎಡಗೈ, ಬಲಗೈ, ಇಬ್ಬರ ಪೂರ್ತಿ ಹೆಸರು.

ಅಂದು ಆಸ್ಪತ್ರೆಗೆ ಹೋಗುವಾಗ ಭಾವ, ಮೂಗಿಗೆ ಹತ್ತಿ ತುರುಕಿಕೊಂಡು, ಗಿಟಾರನ್ನು ಒರೆಸಲು ಬಟ್ಟೆ ತೆಗೆದ. ದೊಡ್ಡಪ್ಪ ಮೆಲ್ಲಗೆ ಹೇಳಿದ, "ಅಳಿಯಂದಿರೇ, ಆ ರಕ್ತ ಅಲ್ಲೇ ಒಣಗ್ಲಿ. ಒರೆಸಿದ್ರೋ, ಎಡಗೈ ಇನ್ನೂ ಗಟ್ಟಿಯಾಗಿದೆ."